ಫೋಲಾ ಆಂಟಿಯ ಐದು ಯಾಕೆಗಳು

ಫೋಲಾ ಆಂಟಿ ಯಾರನ್ನೂ ಬರೀ ಹೆಸರು ಹಿಡಿದು ಕರೆದವರಲ್ಲ. ಹೆಸರಿನ ಹಿಂದೆ ಮುಂದೆ ಮೂರು ನಾಲ್ಕು ಬಿರುದು ಜೋಡಿಸಿ, ರಾಗವಾಗಿ ಎಳೆದು, ಕರೆಸಿಕೊಂಡವರು ತಿರುಗಿ ನಗುವವರೆಗೆ ಬಿಡುತ್ತಿರಲಿಲ್ಲ. ನಾನು "ನೀಲಿ ಪೆನ್ನಿನ ಸುಮಾ, ಓಡಿಹೋದ ಅಂಕಿಯನ್ನ ಕಿವಿ ಹಿಡಿದು ಎಳ್ಕೊಂಡು ಬರೋಳೇ, ದಾವಣಗೆರೆ ಮಗಳೇ". ನಮ್ಮ ಸೂಪರ್‌ವೈಸರ್ ನೋಯೆಲ್ "ಮೂರು ಚಹಾ ಮುಗಿಸಿ ನಾಲ್ಕನೇದಕ್ಕೆ ಕಾಯೋನೇ, ಮಳೆ ಬರುತ್ತೆ ಅಂತ ಹೇಳಿ ಯಾವತ್ತೂ ಸೋಲದೋನೇ". ನೋಯೆಲ್ ಕೆಂಪಗಾಗಿ ಕಪ್ಪನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ. ದಾವಣಗೆರೆ ಎನ್ನುವುದನ್ನು ಸರಿಯಾಗಿ ಉಚ್ಚರಿಸಲು ಅವರಿಗೆ ಒಂದು ವಾರ ಹಿಡಿದಿತ್ತು. ಅಷ್ಟು ಕಷ್ಟ ಯಾಕೆ, ಇಂಡಿಯಾ ಅಂದರೆ ಸಾಕಲ್ಲ ಎಂದರೆ, "ಊರಿನ ಹೆಸರು ನುಂಗಿ ಕರೆದ್ರೆ ಅರ್ಧ ಮನುಷ್ಯರನ್ನ ಕರೆದ ಹಾಗೆ" ಎಂದಿದ್ದರು.

ಅವರು ಮಾತಾಡುತ್ತಿದ್ದದ್ದು ತಮ್ಮೂರಿನ ಏರಿಳಿತದ ಇಂಗ್ಲಿಷು. ನನ್ನ ಕಿವಿಯಲ್ಲಿ ಮಾತ್ರ ಅದು ಯಾವಾಗಲೋ ಕನ್ನಡವಾಗಿ ಕೂತುಬಿಟ್ಟಿದೆ. ಅದನ್ನು ಹಾಗೆಯೇ ಬರೆಯುತ್ತೇನೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಐರ್ಲೆಂಡಿನ ಕಾರ್ಕ್ ಬಂದರಿನ ಬಾಯಲ್ಲಿರುವ ರಿಂಗಾಸ್ಕಿಡಿಯ ಒಂದು ಔಷಧಿ ಕಾರ್ಖಾನೆಯಲ್ಲಿ. ಅಲ್ಲಿ ಇಂಜೆಕ್ಷನ್ ಬಾಟಲಿಗಳಿಗೆ ಔಷಧಿ ತುಂಬುವ ಕೋಣೆಯನ್ನು ಕ್ಲೀನ್ ರೂಮ್ ಎನ್ನುತ್ತಾರೆ. ಒಂದು ಕೂದಲೆಳೆ, ಒಂದು ಚೂರು ಧೂಳು ಒಳಗೆ ಹೋಗುವಂತಿಲ್ಲ. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ತಲೆಗೆ ಟೊಪ್ಪಿ, ಟೊಪ್ಪಿಯ ಮೇಲೆ ಕುಲಾವಿ, ಕೈಗೆ ಎರಡೆರಡು ಗ್ಲೌಸು. ಒಳಗಿರುವವರೆಲ್ಲ ಒಂದೇ ಥರ ಕಾಣುತ್ತಾರೆ. ಆದರೂ ಗಾಜಿನ ಹೊರಗಿನಿಂದ ನೋಡಿ ಇವರು ಫೋಲಾ ಆಂಟಿ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಅಲ್ಲಿ ನಿಧಾನ ನಡೆಯಬೇಕೆಂಬುದು ನಿಯಮ. ಉಳಿದವರು ನಿಯಮಕ್ಕೆ ನಿಧಾನ ನಡೆದರೆ ಆಂಟಿ ಮದುವೆ ಮನೆಗೆ ಹೊರಟ ಹಿರಿಯ ಸೋದರತ್ತೆಯ ಹಾಗೆ, ನಿಧಾನ ನಡೆಯುವುದೇ ತಮ್ಮ ಹಕ್ಕು ಎಂಬಂತೆ ನಡೆಯುತ್ತಿದ್ದರು.

ನನ್ನ ಕೆಲಸ ದಾಖಲೆ ಪರಿಶೀಲನೆ. ಒಳಗೆ ಯಾರು ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು, ಸಹಿ ಇದೆಯೇ, ತಾರೀಖು ಇದೆಯೇ ಎಂದು ಪುಟ ಪುಟ ನೋಡುವುದು. ನಮ್ಮಲ್ಲಿ ಯಾವುದನ್ನೂ ಅಳಿಸುವಂತಿಲ್ಲ, ಹರಿಯುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಓದಲು ಬರುವ ಹಾಗೆ. ಪಕ್ಕದಲ್ಲಿ ಸಹಿ, ತಾರೀಖು, ಹೊಡೆದು ಹಾಕಿದ್ದಕ್ಕೆ ಕಾರಣ. ಹತ್ತು ವರ್ಷ ಈ ಕೆಲಸ ಮಾಡಿದವಳಿಗೆ ಹೋಟೆಲಿನ ಮೆನು ಕೊಟ್ಟರೂ ಕೈ ಪೆನ್ನು ಹುಡುಕುತ್ತದೆ.

ಆಂಟಿ ನೈಜೀರಿಯಾದ ಇಬಾದಾನ್‌ನವರು. ಅಲ್ಲಿ ಶಾಲೆಯಲ್ಲಿ ಮೇಡಮ್ಮು. ಇಲ್ಲಿಗೆ ಬಂದ ಮೇಲೆ ಆ ಓದು ಯಾರಿಗೂ ಬೇಕಾಗಲಿಲ್ಲ. ಕಾರ್ಖಾನೆಯ ಕಾರಿಡಾರ್ ಒರೆಸುವ ಕೆಲಸಕ್ಕೆ ಸೇರಿ, ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿ, ಕ್ಲೀನ್ ರೂಮಿನ ಬಾಗಿಲು ದಾಟಲು ಅವರಿಗೆ ಆರು ವರ್ಷ ಹಿಡಿಯಿತು. ಆ ಬಿಳಿ ಉಡುಪಿನ ಮೇಲೆ ಅವರಿಗೆ ನಮ್ಮ ತಾಯಂದಿರಿಗೆ ರೇಷ್ಮೆ ಸೀರೆಯ ಮೇಲಿರುವಷ್ಟು ಪ್ರೀತಿ ಇತ್ತು. ಬಿರುದು ಕಟ್ಟಿ ಕರೆಯುವುದು ಅವರ ಊರಿನ ಹೆಂಗಸರ ವಿದ್ಯೆಯಂತೆ. ಮನೆಯ ಪ್ರತಿ ಮಗುವಿಗೂ ಒಂದೊಂದು ಹೊಗಳಿಕೆಯ ಹಾಡು. "ನಮ್ಮಜ್ಜಿ ಹೊಗಳದೆ ಗಂಜಿ ಬಡಿಸ್ತಿರ್ಲಿಲ್ಲ" ಎನ್ನುತ್ತಿದ್ದರು. "ಹೊಗಳಿಸ್ಕೊಂಡು ಉಂಡೋರು ನೆಟ್ಟಗೆ ನಡೀತಾರೆ ಅಂತ ಅವಳ ನಂಬಿಕೆ. ನನ್ನ ಹಾಡು ಎಷ್ಟು ಉದ್ದ ಇತ್ತು ಅಂದ್ರೆ ಗಂಜಿ ಆರಿ ಹೋಗ್ತಿತ್ತು."

ಅವರು ಕವಿ ಎಂದು ನನಗೆ ತಿಳಿದದ್ದು ಕೊರೊನಾ ಕಾಲದಲ್ಲಿ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೂ ಔಷಧಿ ಕಾರ್ಖಾನೆ ನಿಲ್ಲುವಂತಿರಲಿಲ್ಲ. ಜೇಬಿನಲ್ಲಿ ಕಂಪನಿಯ ಪತ್ರ ಇಟ್ಟುಕೊಂಡು, ದಾರಿಯಲ್ಲಿ ಪೊಲೀಸರಿಗೆ ತೋರಿಸಿ ಕೆಲಸಕ್ಕೆ ಬರುತ್ತಿದ್ದೆವು. ಕ್ಯಾಂಟೀನಿನಲ್ಲಿ ಒಂದು ಮೇಜಿಗೆ ಒಬ್ಬರು, ನಡುವೆ ಪ್ಲಾಸ್ಟಿಕ್ಕಿನ ಪರದೆ. ಅಕ್ಕಪಕ್ಕದ ಮೂರು ಮೇಜು ನಮ್ಮವು: ನಾನು, ಆಂಟಿ, ಮತ್ತು ಕಿರಣ್. ಕಿರಣ್ ತುಮಕೂರಿನವನು, ಕಾರ್ಕ್‌ನಲ್ಲೇ ಎಂ.ಎಸ್. ಮಾಡಿ ನಮ್ಮಲ್ಲಿ ಎಂಜಿನಿಯರ್ ಆಗಿದ್ದ. ನನ್ನನ್ನು ಅಕ್ಕ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಬಸ್ಸಿನ ಮಾತು ಬಂತು. ಬಸ್ಸಿನಲ್ಲಿ ಒಂದು ಸೀಟು ಬಿಟ್ಟು ಒಂದು ಸೀಟಿನಲ್ಲಿ ಕೂರಬೇಕಿತ್ತು. ಎಲ್ಲರೂ ಗೊಣಗುತ್ತಿದ್ದಾಗ ಆಂಟಿ ತಮ್ಮ ಅನ್ನದ ಡಬ್ಬಿ ತೆರೆಯುತ್ತ, "ನಂಗೇನೂ ಹೊಸದಲ್ಲ. ಇಪ್ಪತ್ತು ವರ್ಷದಿಂದ ನನ್ನ ಪಕ್ಕದ ಸೀಟು ಖಾಲಿನೇ ಇರ್ತಿತ್ತು. ಈಗ ಎಲ್ಲರದ್ದೂ ಖಾಲಿ. ಸರ್ಕಾರ ನನ್ನ ನೋಡಿ ಕಲೀತು" ಎಂದರು. ನಾವು ನಕ್ಕೆವು. ನಕ್ಕು ಮುಗಿಸುವಷ್ಟರಲ್ಲಿ ಅವರು ಅದನ್ನೇ ಹಾಡಿನ ಹಾಗೆ ಕಟ್ಟಿ ಹೇಳತೊಡಗಿದ್ದರು. ಖಾಲಿ ಸೀಟನ್ನೇ ಒಬ್ಬ ಹೆಂಗಸಿನ ಹಾಗೆ ಬಿರುದು ಕೊಟ್ಟು ಕರೆದರು. ನನ್ನ ಜೊತೆ ಇಪ್ಪತ್ತು ವರ್ಷ ಪ್ರಯಾಣ ಮಾಡಿದವಳೇ, ಟಿಕೆಟ್ ಇಲ್ಲದವಳೇ, ನನ್ನ ಚೀಲ ಹಿಡಿದುಕೊಂಡವಳೇ ಎಂದು. ನಗು ತಾನಾಗಿ ನಿಂತಿತು.

ಆಮೇಲೆ ದಿನಾ ಊಟದ ಹೊತ್ತಿಗೆ ಒಂದಲ್ಲ ಒಂದು ಪದ್ಯ. ವೃದ್ಧಾಶ್ರಮಗಳಲ್ಲಿ ಬೇರೆಯವರ ತಾಯಿಗೆ ಸ್ನಾನ ಮಾಡಿಸಿ, ತಮ್ಮ ತಾಯಿಯ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದ ಗೆಳತಿಯರ ಬಗ್ಗೆ. ಅಂಗಡಿಯಲ್ಲಿ ಹಿಂದೆ ಹಿಂದೆ ನಡೆಯುವ ಕಾವಲಿನವನ ಬಗ್ಗೆ. ಯಾವುದನ್ನೂ ಬರೆದಿಡುತ್ತಿರಲಿಲ್ಲ. ಬರೆಯಿರಿ ಆಂಟಿ ಎಂದು ನಾನು ಹೇಳಿದಾಗಲೆಲ್ಲ ಒಂದೇ ಉತ್ತರ: "ಕಾಗದ ಕಂಪನಿದು, ಬಾಯಿ ನಂದು."

ಅವರ ಹೆರಿಗೆಯ ಪದ್ಯವನ್ನು ನಾನು ಕೇಳಿದ ದಿನ ಚೆನ್ನಾಗಿ ನೆನಪಿದೆ. ಮಗಳು ಹುಟ್ಟುವಾಗ ನೋವು ತಡೆಯದೆ ಕೂಗಿದರಂತೆ. ಬಂದ ನರ್ಸು ಬೆನ್ನು ತಟ್ಟಿ, "ನಿಮ್ಮಂಥೋರಿಗೆ ತಡ್ಕೊಳ್ಳೋ ಶಕ್ತಿ ಜಾಸ್ತಿ" ಎಂದು ಹೇಳಿ ಹೊರಟುಹೋದಳಂತೆ. ಪದ್ಯದಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತಿತ್ತು. ಮೊದಲು ನರ್ಸಿನ ದನಿಯಲ್ಲಿ, ಆಮೇಲೆ ಗಡಿಯಾರದ ದನಿಯಲ್ಲಿ, ಆಮೇಲೆ ಹಲ್ಲು ಕಚ್ಚಿದ ಹೆಂಗಸಿನ ದನಿಯಲ್ಲಿ. ಕಿರಣ್ ಊಟ ಬಿಟ್ಟು ತಟ್ಟೆ ನೋಡುತ್ತ ಕೂತಿದ್ದ. ನಾನೋ, ನನ್ನ ಕಸುಬು ಎಲ್ಲಿಗೆ ಹೋದೀತು, "ಆಂಟಿ, ತುಂಬ ಚೆನ್ನಾಗಿದೆ. ಆದ್ರೆ ಒಂದೇ ಸಾಲು ಎಂಟು ಸಲ ಬಂತು. ಎರಡು ಸಲ ಸಾಕಲ್ವಾ?" ಎಂದುಬಿಟ್ಟೆ. ಅವರು ಪರದೆಯ ಆಚೆಯಿಂದ ನನ್ನನ್ನು ಕರುಣೆಯಿಂದ ನೋಡಿದರು. "ನೀಲಿ ಪೆನ್ನಿನ ಸುಮಾ, ಹೆರಿಗೆ ನೋವು ಎರಡೇ ಸಲ ಬರುತ್ತಾ?" ಎಂದರು. ಕಿರಣ್ ಅಂಥ ಹೊತ್ತಿನಲ್ಲೂ ಕೆಮ್ಮುವ ನೆಪ ಮಾಡಿ ನಕ್ಕ.

ಆ ಚಳಿಗಾಲದಲ್ಲಿ ಟೊಪ್ಪಿಯ ತಂಟೆ ಶುರುವಾಯಿತು. ಎಲ್ಲ ಕಡೆ ಗ್ಲೌಸು, ಗೌನು, ಮಾಸ್ಕಿಗೆ ಬರ. ನಮಗೆ ಟೊಪ್ಪಿ ಕೊಡುತ್ತಿದ್ದವರು ಕೈಯೆತ್ತಿದರು. ಬೇರೆ ಕಡೆಯಿಂದ ತರಿಸಿದ ಟೊಪ್ಪಿ ಸ್ವಲ್ಪ ಚಿಕ್ಕದು. ಆಂಟಿಯ ಕೂದಲು ಸಣ್ಣ ಸಣ್ಣ ಜಡೆಗಳಾಗಿ ಹೆಣೆದು ಮೇಲೆ ಸುತ್ತಿದ್ದದ್ದು. ಹಳೆಯ ಟೊಪ್ಪಿಯಲ್ಲಿ ಅದು ತೆಪ್ಪಗೆ ಕೂರುತ್ತಿತ್ತು. ಹೊಸದು ತಲೆಯೆತ್ತಿದರೆ ಸಾಕು, ಜಾರುತ್ತಿತ್ತು. ಕುಲಾವಿಯ ಅಂಚಿನಲ್ಲಿ ಜಡೆಯ ತುದಿ ಇಣುಕಿತೆಂದು ಒಂದು ಸಲ ವರದಿಯಾಯಿತು. ಇನ್ನೊಂದು ಸಲವೂ ಆಯಿತು. ಎರಡೂ ವರದಿಯಲ್ಲಿ ಕಾರಣದ ಜಾಗದಲ್ಲಿ "ಹ್ಯೂಮನ್ ಎರರ್", ಅಂದರೆ ಕೆಲಸದವರ ತಪ್ಪು, ಎಂದು ಬರೆದು ಸಹಿ ಹಾಕಿದವಳು ನಾನೇ. ನಿಯಮ ಹೀಗಿತ್ತು: ಮೂರನೆಯ ಸಲವೂ ಅದೇ ತಪ್ಪು ದಾಖಲಾದರೆ ಕ್ಲೀನ್ ರೂಮಿನ ಅರ್ಹತೆ ರದ್ದು. ಆಮೇಲೆ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಮಡಚುವ ಕೆಲಸ. ಆರು ವರ್ಷದ ಹಾದಿ ಆರು ನಿಮಿಷದಲ್ಲಿ ಹಿಂದಕ್ಕೆ.

ನೋಯೆಲ್ ಕೆಟ್ಟವನಲ್ಲ. ತಡವರಿಸುತ್ತ, ಕೂದಲು ಸ್ವಲ್ಪ ಸಣ್ಣ ಮಾಡಿಸಿಕೊಂಡರೆ ಹೇಗೆ ಎಂದು ಆಂಟಿಯನ್ನು ಕೇಳಿ, ಉತ್ತರ ಬರುವ ಮುಂಚೆಯೇ ಓಡಿಹೋದ. ನಾನು ಮಾತ್ರ ಓಡಲಿಲ್ಲ, ಬುದ್ಧಿ ಹೇಳಲು ನಿಂತೆ.

"ಕತ್ತರಿಸಿಬಿಡಿ ಆಂಟಿ. ಕೂದಲು ತಾನೆ, ಬೆಳೆಯುತ್ತೆ" ಎಂದೆ. ಅಷ್ಟಕ್ಕೇ ಬಿಡದೆ, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದೆ. ಈ ಕೆಲಸಕ್ಕೆ ಸೇರುವ ಮೂರು ದಿನ ಮುಂಚೆ ನನ್ನ ಜಡೆ ಕತ್ತರಿಸಿಕೊಂಡಿದ್ದೆ. ಸೊಂಟದ ಕೆಳಗೆ ಬರುತ್ತಿದ್ದ ಜಡೆ. ಯಾರೂ ಕತ್ತರಿಸು ಎಂದಿರಲಿಲ್ಲ. ಟೊಪ್ಪಿಯ ಫೋಟೋ ನೋಡಿ, ಇದರೊಳಗೆ ಹಿಡಿಯುವುದಿಲ್ಲ, ಸುಮ್ಮನೆ ಯಾಕೆ ತಕರಾರು ಎಂದು ನಾನೇ ಬಚ್ಚಲಿನಲ್ಲಿ ನಿಂತು ಕತ್ತರಿ ಹಾಕಿದ್ದೆ. ಅಮ್ಮನಿಗೆ ಫೋನಿನಲ್ಲಿ ಸ್ಟೈಲು ಎಂದು ಹೇಳಿದ್ದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಇದನ್ನೆಲ್ಲ ನಾನು ಧೈರ್ಯ ತುಂಬಲು ಹೇಳಿದ್ದು. ನನಗೆ ಸಾಧ್ಯವಾಯಿತು, ನಿಮಗೂ ಆಗುತ್ತದೆ ಎಂದು. ಆಂಟಿ ನನ್ನ ಮೊಂಡು ಕೂದಲನ್ನು ನೋಡಿದರು.

"ಕೂದಲು ಬೆಳೆಯುತ್ತೆ ಮಗಳೇ" ಎಂದರು. "ಕತ್ತರಿನೂ ಬೆಳೆಯುತ್ತೆ."

ಅದಾಗಿ ಎರಡನೆಯ ವಾರಕ್ಕೆ ಮೂರನೆಯ ವರದಿ ಬಂತು. ಇಂಥ ವರದಿಗೆ ನಮ್ಮಲ್ಲಿ ಒಂದು ಫಾರ್ಮ್ ಇದೆ. ಅದರಲ್ಲಿ ಐದು ಚೌಕ. ಪ್ರತಿ ಚೌಕದ ತಲೆಯ ಮೇಲೆ ಒಂದೊಂದು "ಯಾಕೆ?". ತಪ್ಪು ಯಾಕಾಯಿತು, ಆ ಕಾರಣ ಯಾಕೆ ಹುಟ್ಟಿತು, ಅದಕ್ಕೆ ಯಾಕೆ, ಹೀಗೆ ಐದು ಸಲ ಅಗೆದರೆ ಬೇರು ಸಿಗುತ್ತದೆಂದು ಕಂಪನಿಯ ಲೆಕ್ಕಾಚಾರ. ವಾಡಿಕೆಯಲ್ಲಿ ನಾವೇ ಒಳಗೆ ಹೋಗಿ, ಕೇಳಿ, ನಮ್ಮ ಭಾಷೆಯಲ್ಲಿ ತುಂಬುತ್ತಿದ್ದೆವು. ಆಗ ಕೊರೊನಾ ಆದ್ದರಿಂದ ಕೆಲಸವಿಲ್ಲದವರು ಒಳಗೆ ಹೋಗುವಂತಿರಲಿಲ್ಲ. ಧೂಳು ಉದುರದ ಕಾಗದದ ಆ ಫಾರ್ಮನ್ನು, ಸಾಮಾನು ದಾಟಿಸುವ ಗೋಡೆಯ ಗೂಡಿನಲ್ಲಿಟ್ಟು, ಗಾಜಿನ ಈಚೆಯಿಂದ ಕೈಸನ್ನೆ ಮಾಡಿದೆ, ನೀವೇ ಬರೆಯಿರಿ ಎಂದು. ಮೊದಲ ಚೌಕದಲ್ಲಿ "ಅಜಾಗರೂಕತೆ" ಎಂದು ಬರೆದು ಉಳಿದದ್ದು ಖಾಲಿ ಬಿಡುತ್ತಾರೆ, ಎಲ್ಲರೂ ಮಾಡುವುದು ಅದನ್ನೇ, ಎಂದುಕೊಂಡಿದ್ದೆ. ಆಂಟಿ ಗಾಜಿನ ಆಚೆ ನಿಂತು ಬರೆದರು. ತಲೆಯೆತ್ತದೆ ಬರೆದರು. ಫಾರ್ಮ್ ಗೂಡಿನಿಂದ ಈಚೆ ಬಂದಾಗ ಐದೂ ಚೌಕ ತುಂಬಿತ್ತು. ನನ್ನ ಕನ್ನಡದಲ್ಲಿ ಅದು ಹೀಗಿದೆ:

ಟೊಪ್ಪಿ ಯಾಕೆ ಜಾರಿತು?
ಟೊಪ್ಪಿಗಿಂತ ನನ್ನ ತಲೆ ದೊಡ್ಡದಿತ್ತು.

ತಲೆ ಯಾಕೆ ದೊಡ್ಡದಾಯಿತು?
ಅಮ್ಮ ಹೆಣೆದಳು, ಅಮ್ಮನಿಗೆ ಅವಳಮ್ಮ ಹೆಣೆದಿದ್ದಳು,
ಮೂರೆಳೆ, ಮತ್ತೆ ಮೂರೆಳೆ, ಭಾನುವಾರವಿಡೀ
ಮೊಣಕಾಲ ನಡುವೆ ನನ್ನ ತಲೆ ಹಿಡಿದು.
ಅಷ್ಟೂ ಭಾನುವಾರಗಳು ಇಲ್ಲಿವೆ. ಜಾಗ ಬೇಡವೇ?

ಉಳಿದ ದಿನ ಯಾಕೆ ಜಾರಲಿಲ್ಲ?
ಕುತ್ತಿಗೆ ಬಗ್ಗಿಸಿ ನಡೆದೆ.
ಬಗ್ಗಿದ ಕುತ್ತಿಗೆಗೆ ನೀವು ವಿನಯ ಎಂದಿರಿ,
ನಾನೂ ಹೌದೆಂದೆ.

ಮೊದಲೇ ಯಾಕೆ ಹೇಳಲಿಲ್ಲ?
ಹೇಳಿದೆ. ಕಾರಿಡಾರಿನಲ್ಲಿ ಹೇಳಿದೆ, ಚಹಾದ ಹೊತ್ತಿಗೆ ಹೇಳಿದೆ.
ನಗದೆ ಹೇಳಿದರೆ ಕಪ್ಪು ಹೆಂಗಸಿಗೆ ಸಿಟ್ಟು ಎಂದಿರಿ.
ನಗುತ್ತ ಹೇಳಿದರೆ ಹಾಡುತ್ತಾಳೆ ಎಂದಿರಿ.

ಯಾರೂ ಯಾಕೆ ಕೇಳಿಸಿಕೊಳ್ಳಲಿಲ್ಲ?
ಕೇಳಿಸಿಕೊಳ್ಳಬೇಕಾದವಳು ಒಳಗೆ ಬರುವ ಮುಂಚೆಯೇ
ತನ್ನ ಜಡೆಯನ್ನು ಕತ್ತರಿಸಿಟ್ಟು ಬಂದಿದ್ದಳು.
ಮಗಳೇ, ಅದು ನಿನ್ನ ತಪ್ಪಲ್ಲ.
ಟೊಪ್ಪಿ ಚಿಕ್ಕದು.

ಕೆಳಗೆ ಸಹಿ, ತಾರೀಖು, ವೇಳೆ. ನೀಲಿ ಶಾಯಿ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಖಾಲಿ ಜಾಗವಿಲ್ಲ. ದಾಖಲೆಯ ದೃಷ್ಟಿಯಿಂದ ನಾನು ನೋಡಿದ ಅತ್ಯಂತ ಶುದ್ಧ ಪುಟ ಅದು. ನಾನು ಅದನ್ನು ಎದೆಗೆ ಅವುಚಿಕೊಂಡು ಹೆಂಗಸರ ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ ಕೂತು ಅತ್ತೆ. ನಾಚಿಕೆಗೆ ಅತ್ತೆನೋ, ಯಾರೋ ಕಡೆಗೂ ನನ್ನನ್ನು ಕಂಡುಹಿಡಿದರಲ್ಲ ಎಂಬ ಸಮಾಧಾನಕ್ಕೋ, ಈಗಲೂ ಹೇಳಲಾರೆ.

ನೋಯೆಲ್ ಪುಟ ಓದಿ ತಲೆಯ ಮೇಲೆ ಕೈ ಹೊತ್ತ. ಹರಿಯುವಂತಿಲ್ಲ, ಪ್ರತಿ ಫಾರ್ಮಿಗೂ ನಂಬರ್ ಇದೆ. "ಪುಟಕ್ಕೆ ಅಡ್ಡ ಒಂದು ಗೆರೆ ಎಳಿ ಸುಮಾ. ಹೊಸ ಫಾರ್ಮ್‌ನಲ್ಲಿ ಹ್ಯೂಮನ್ ಎರರ್ ಅಂತ ಬರಿ. ಆಡಿಟ್‌ನೋರು ನೋಡಿದ್ರೆ ಏನಂದ್ಕೋತಾರೆ?" ಎಂದ. ಕಿರಣ್‌ಗೆ ತೋರಿಸಿದೆ. ಅವನು ಎರಡು ಸಲ ಓದಿ, "ಅಕ್ಕ, ಇದನ್ನ ಹೊಡೆದು ಹಾಕ್ಬೇಡಿ. ಒಂದ್ ಕೆಲ್ಸ ಮಾಡಿ, ಟೊಪ್ಪಿ ಚೇಂಜ್ ಮಾಡಿದ್ರಲ್ಲ, ಆ ಫೈಲ್ ತೆಗೀರಿ. ಯಾರ್ ತಲೆ ಮೇಲೆ ಟ್ರಯಲ್ ಮಾಡಿದ್ರು ನೋಡೋಣ" ಎಂದ.

ತೆಗೆದೆವು. ಐದು ತಲೆಗಳ ಮೇಲೆ ಟ್ರಯಲ್ ಆಗಿತ್ತು. ಐದೂ ಗಂಡಸರದ್ದು. ಅದರಲ್ಲಿ ಒಂದು ನೋಯೆಲ್‌ನದು, ಅಲ್ಲಿ ಕೂದಲು ಇದ್ದದ್ದು ಯಾವ ಕಾಲದಲ್ಲೋ. ಕಿರಣ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಆ ಪುಟದ ಕೆಳಗೆ "ಪರಿಶೀಲಿಸಿದವರು" ಎಂಬಲ್ಲಿ ನನ್ನದೇ ಸಹಿ ಇತ್ತು. ನಿಜ ಬರೆದರೆ ನನ್ನ ತಪ್ಪೂ ದಾಖಲಾಗುತ್ತದೆ.

ಸ್ಕೇಲ್ ಇಟ್ಟು, ಆಂಟಿಯ ಪುಟದ ಮೇಲೆ ಗೆರೆ ಎಳೆಯಲು ಪೆನ್ನು ತೆರೆದೆ. ಗೆರೆಯ ಪಕ್ಕ ಕಾರಣ ಬರೆಯಬೇಕಲ್ಲ. ಏನೆಂದು ಬರೆಯಲಿ? ಸುಳ್ಳು ಎಂದೇ? ಅಸ್ಪಷ್ಟ ಎಂದೇ? ಅಪ್ರಸ್ತುತ ಎಂದೇ? ಹತ್ತು ವರ್ಷದಲ್ಲಿ ಸಾವಿರಾರು ಗೆರೆ ಎಳೆದವಳಿಗೆ ಈ ಒಂದಕ್ಕೆ ಕಾರಣ ಹೊಳೆಯಲಿಲ್ಲ. ಪೆನ್ನು ಮುಚ್ಚಿ, ಸ್ಕೇಲನ್ನು ಡ್ರಾಯರಿಗೆ ಹಾಕಿದೆ. ತೀರ್ಮಾನದ ಜಾಗದಲ್ಲಿ ಹೀಗೆ ಬರೆದೆ: ಕೆಲಸದವರ ತಪ್ಪು ಅಲ್ಲ. ಟೊಪ್ಪಿ ಬದಲಾಯಿಸುವಾಗ ಎಲ್ಲ ಬಗೆಯ ಕೂದಲಿನವರ ಮೇಲೆ ನೋಡಿಲ್ಲ, ಪರಿಶೀಲಿಸಿದವಳೂ ಕೇಳಿಲ್ಲ. ದೊಡ್ಡ ಅಳತೆಯದು ತರಿಸತಕ್ಕದ್ದು. ಹಿಂದಿನ ಎರಡು ವರದಿಗಳನ್ನೂ ತಿದ್ದತಕ್ಕದ್ದು. ಸಹಿ ಹಾಕಿ ನೋಯೆಲ್‌ಗೆ ಕೊಟ್ಟೆ.

ನೋಯೆಲ್ ಓದಿದ. ಆಮೇಲೆ ತನ್ನ ಬೋಳುತಲೆ ಸವರಿಕೊಂಡು, "ಗ್ರ್ಯಾಂಡ್", ಅಂದರೆ ಅಲ್ಲಿಯವರ ಮಾತಿನಲ್ಲಿ ಸರಿ, ಎಂದು ಅವನೂ ಸಹಿ ಹಾಕಿದ. ನನಗೆ ಮೇಲಿನವರಿಂದ ಒಂದು ಎಚ್ಚರಿಕೆ, ಮತ್ತೆ ತರಬೇತಿ. ಆಂಟಿ ಕ್ಲೀನ್ ರೂಮಿನಲ್ಲೇ ಉಳಿದರು. ಒಂದು ತಿಂಗಳಲ್ಲಿ ದೊಡ್ಡ ಟೊಪ್ಪಿಯ ಪೆಟ್ಟಿಗೆಗಳು ಬಂದವು. ಗುಂಗುರು ಕೂದಲಿನ ಇಬ್ಬರು ಐರಿಷ್ ಹುಡುಗಿಯರು ಎಲ್ಲರಿಗಿಂತ ಮೊದಲು ಓಡಿಬಂದು ಎತ್ತಿಕೊಂಡರು. ಅವರೂ ಅಷ್ಟು ದಿನ ಸುಮ್ಮನೆ ಪಿನ್ನು ಚುಚ್ಚಿಕೊಂಡಿದ್ದರಂತೆ.

ಆಂಟಿ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಅದು ನನಗೆ ಇಷ್ಟವಾಯಿತು. ಮರುದಿನ ಕ್ಯಾಂಟೀನಿನಲ್ಲಿ ನನ್ನ ಮೇಜಿನ ಮೇಲೆ ಖಾರದ ಅನ್ನದ ಡಬ್ಬಿ ಇಟ್ಟು, "ಪೂರ್ತಿ ತಿನ್ನು. ಉಳಿಸಿದ್ರೆ ವರದಿ ಬರೀತೀನಿ" ಎಂದರು.

ಮುಂದಿನ ಬೇಸಿಗೆಗೆ ಅವರು ನಿವೃತ್ತರಾಗಿ ಮಗಳ ಬಾಣಂತನಕ್ಕೆ ಕಡಲ ದಂಡೆಯ ಡನ್ ಲಿಯರಿ ಎಂಬ ಊರಿಗೆ ಹೋದರು. ಊರಿಂದೂರಿಗೆ ಓಡಾಡಲು ಬಿಟ್ಟ ಮೇಲೆ ಒಂದು ಶನಿವಾರ ರೈಲು ಹಿಡಿದು ನೋಡಲು ಹೋದೆ. ಅದೇ ಕೊನೆಯ ಭೇಟಿ. ಚಳಿಗಾಲಕ್ಕೆ ಮುಂಚೆ ಅವರು ಇಬಾದಾನ್‌ಗೆ ಹೊರಟುಹೋದರು, ಅಲ್ಲಿ ತಂಗಿಯ ಮನೆಯ ಪಕ್ಕ ಒಂದು ಮನೆ ಕಟ್ಟಿಸಿಕೊಂಡು ಇದ್ದಾರೆ. ಫೋನು ಮಾಡಿದರೆ ಕೋಳಿಗಳ ಗಲಾಟೆಯಲ್ಲಿ ಅರ್ಧ ಮಾತು ಕೇಳುವುದಿಲ್ಲ.

ಆ ಶನಿವಾರ ಇಬ್ಬರೂ ಸಮುದ್ರದೊಳಕ್ಕೆ ಚಾಚಿದ ಕಲ್ಲುಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಬಿಸಿಲಿತ್ತು, ಜನ ಐಸ್‌ಕ್ರೀಮ್ ಹಿಡಿದು ಓಡಾಡುತ್ತಿದ್ದರು. ಆಂಟಿ ಇದ್ದಕ್ಕಿದ್ದ ಹಾಗೆ, "ಫಾರ್ಮ್‌ನಲ್ಲಿ ಬರೆದಿದ್ದೆನಲ್ಲ, ಅದು ನಂಗೆ ಪೂರ್ತಿ ನೆನಪಿಲ್ಲ. ಬರೆದಿದ್ದು ಮರೆತುಹೋಗುತ್ತೆ, ಅದಕ್ಕೇ ನಾನು ಬರೆಯಲ್ಲ" ಎಂದರು.

ನನಗೆ ನೆನಪಿತ್ತು. ಅದರ ಪ್ರತಿ ಮಾಡಿ ಹೊರಗೆ ತರುವಂತಿಲ್ಲ, ಕಂಪನಿಯ ಕಾಗದ. ಕೆಲವು ವರ್ಷ ಕಳೆದರೆ ಉಳಿದ ಕಡತಗಳ ಜೊತೆ ಅದನ್ನೂ ಪುಡಿ ಮಾಡುತ್ತಾರೆ. ದಾಖಲೆ ಕೋಣೆಗೆ ಹೋದಾಗಲೆಲ್ಲ ತೆಗೆದು ಓದಿ, ಬಾಯಿಪಾಠ ಮಾಡಿಕೊಂಡಿದ್ದೆ. ದಾರಿಯಲ್ಲಿ ಕಾರು ಓಡಿಸುತ್ತ ಕನ್ನಡಕ್ಕೂ ತಂದುಕೊಂಡಿದ್ದೆ. ಹಾಗೆಂದು ಅವರಿಗೆ ತಿಳಿಸಿದೆ.

"ಹಾಗಾದ್ರೆ ನಿನ್ನ ಭಾಷೇಲೇ ಹೇಳು" ಎಂದರು.

ನಡೆಯುತ್ತಲೇ ಹೇಳಿದೆ. ಗಟ್ಟಿಯಾಗಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರಿಗೆ ಒಂದು ಪದವೂ ತಿಳಿಯದು, ಆದರೂ ತಲೆದೂಗುತ್ತ ಬಂದರು. ನಾಲ್ಕನೆಯ ಯಾಕೆಗೆ ಬಂದಾಗ ಕೈಯೆತ್ತಿ, "ಇಲ್ಲಿ ನಂಗೆ ಸಿಟ್ಟು ಬಂದಿತ್ತು" ಎಂದರು. ಹೌದು ಎಂದೆ. ಐದನೆಯದಕ್ಕೆ ಬಂದೆ. ಇಂಗ್ಲಿಷಿನಲ್ಲಿ ನೂರು ಸಲ ಓದಿದ್ದ ಸಾಲು. ಮಗಳೇ, ಅದು ನಿನ್ನ ತಪ್ಪಲ್ಲ. ನನ್ನ ತಾಯಿಭಾಷೆಯಲ್ಲಿ ಆ ಮಾತನ್ನು ಹುಟ್ಟಿದಾಗಿನಿಂದ ನನಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಆ ಸಾಲು ಹೇಳಿದೆ. ಅಷ್ಟು ಜನರ ನಡುವೆ ನಿಂತುಬಿಟ್ಟೆ.

ಆಂಟಿಯೂ ನಿಂತರು. ಅಗಲವಾದ ಅಂಗೈಯನ್ನು ನನ್ನ ತಲೆಯ ಮೇಲಿಟ್ಟು, ಒತ್ತಿ ಹಿಡಿದರು.

"ಮುಂದಕ್ಕೆ ಹೇಳು ಮಗಳೇ, ಟೊಪ್ಪಿಯ ಸಾಲು ಇನ್ನೂ ಉಳಿದಿದೆ."

ಹೇಳಿದೆ.